ಹಳೆಯ ಓಮ್ನಿಗೆ ರಿಮೋಟ್ ಸ್ಟಾರ್ಟ್ ಬೇಕೆ?

ಪ್ರಶ್ನೆ: ನಮ್ಮ ಯಜಮಾನರು ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಒಪ್ಪಿಕೊಳ್ಳುವವರು. ಮೈಸೂರಿನ ವಿದ್ಯಾರಣ್ಯಪುರದಲ್ಲಿ ನಮ್ಮ ಮನೆ. 2009ರ ಮಾರುತಿ ಓಮ್ನಿಯೇ ನಮ್ಮ ಕೆಲಸದ ಗಾಡಿ. ಬಂಡೀಪಾಳ್ಯದ ಎಪಿಎಂಸಿಯಿಂದ ತರಕಾರಿ, ದೇವರಾಜ ಮಾರುಕಟ್ಟೆಯಿಂದ ಬಾಳೆಲೆ, ಕೊಳದಪ್ಪಲೆ, ಬರ್ನರ್, ಗ್ಯಾಸ್ ಸಿಲಿಂಡರ್, ಜೊತೆಗೆ ಇಬ್ಬರು ಸಹಾಯಕ ಹುಡುಗರು, ಎಲ್ಲವನ್ನೂ ಹೊತ್ತಿರುವುದು ಆ ಒಂದೇ ಗಾಡಿ. ಬೆಳಗಿನ ಮುಹೂರ್ತ ಇದ್ದರೆ ನಾಲ್ಕು ಗಂಟೆಗೇ ಹೊರಡಬೇಕು. ಈಚೆಗೆ ಬೆಳಗಿನ ಹೊತ್ತು ಗಾಡಿ ಸುಲಭಕ್ಕೆ ಸ್ಟಾರ್ಟ್ ಆಗುವುದಿಲ್ಲ. ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು. ಒಂದೊಂದು ದಿನ ಹುಡುಗರು ತಳ್ಳಬೇಕು. ಯಜಮಾನರಿಗೆ ಅರವತ್ತು ದಾಟಿದೆ, ಮಂಡಿನೋವೂ ಇದೆ.

ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಸ್ನೇಹಿತನ ಹೊಸ ಕಾರಿನಲ್ಲಿ ರಿಮೋಟ್ ಸ್ಟಾರ್ಟ್ ನೋಡಿ ಬಂದವನು ಅಪ್ಪನ ಗಾಡಿಗೂ ಹಾಕಿಸುತ್ತೇನೆ ಎಂದು ಹಟ ಹಿಡಿದಿದ್ದಾನೆ. ‘ಅಪ್ಪ ಒಳಗೆ ಕಾಫಿ ಕುಡಿಯೋಷ್ಟರಲ್ಲಿ ಗಾಡಿ ತಾನೇ ಸ್ಟಾರ್ಟ್ ಆಗಿ ಬಿಸಿಯಾಗಿರುತ್ತೆ’ ಎನ್ನುತ್ತಾನೆ. ಆನ್‌ಲೈನಿನಲ್ಲಿ ಕಿಟ್ ತರಿಸಿಯೂ ಆಗಿದೆ. ಪರಿಚಯದ ಎಲೆಕ್ಟ್ರಿಷಿಯನ್ ಎರಡು ಗಂಟೆಯ ಕೆಲಸ ಎಂದಿದ್ದಾನೆ. ಯಜಮಾನರು ‘ಗಾಡಿಗೆ ಕೈ ಹಚ್ಚಬೇಡ’ ಎಂದರು. ಮಗನಿಗೆ ಬೇಸರವಾಗಿ ಎರಡು ವಾರದಿಂದ ಅಪ್ಪನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ನನ್ನ ಭಯ ಬೇರೆ. ಗಾಡಿ ನಿಲ್ಲುವುದು ಮನೆ ಮುಂದಿನ ರಸ್ತೆಯಲ್ಲಿ, ಸ್ವಲ್ಪ ಇಳಿಜಾರು ಬೇರೆ. ಆ ಹೊತ್ತಿನಲ್ಲಿ ನಾನು ಅದರ ಮುಂದೆಯೇ ನೀರು ಹಾಕಿ ರಂಗೋಲಿ ಬಿಡುತ್ತಿರುತ್ತೇನೆ. ಗಾಡಿ ತಾನಾಗಿಯೇ ಶುರುವಾದರೆ ಗತಿ ಏನು? ನನ್ನದು ಬರೀ ಹೆದರಿಕೆಯೋ, ಅರ್ಥ ಇರುವ ಮಾತೋ ತಿಳಿಸಿ. ಮಗನಿಗೆ ಏನು ಹೇಳಲಿ?

— ಹೆಸರು ಬೇಡ, ಮೈಸೂರು

ಉತ್ತರ: ಪ್ರಿಯ ಸಹೋದರಿ, ನಿಮ್ಮದು ಬರೀ ಹೆದರಿಕೆಯಲ್ಲ. ಈ ವಿಷಯದಲ್ಲಿ ಎಲ್ಲರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ನೀವು ಕೇಳಿದ್ದೀರಿ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಓಮ್ನಿಗೆ ರಿಮೋಟ್ ಸ್ಟಾರ್ಟ್ ಹಾಕಿಸಬೇಡಿ. ಆದರೆ ಮಗನ ಹಣ, ಮಗನ ಕಾಳಜಿ ಎರಡೂ ವ್ಯರ್ಥವಾಗಬೇಕಿಲ್ಲ. ಅದೇ ಹಣದಲ್ಲಿ ಆ ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವಂತೆ ಮಾಡಬಹುದು. ನಿಮ್ಮ ಯಜಮಾನರಿಗೆ ಬೇಕಾಗಿರುವುದು ಅದು.

ತೊಂದರೆ ಇರುವುದು ಎಲ್ಲಿ?

ನಿಮ್ಮ ಪತ್ರದಲ್ಲಿ ಎರಡು ವಿಷಯ ಬೆರೆತುಹೋಗಿವೆ. ಗಾಡಿ ಸ್ಟಾರ್ಟ್ ಆಗಲು ಕಷ್ಟಪಡುತ್ತಿದೆ ಎಂಬುದು ಒಂದು. ಯಜಮಾನರು ಗಾಡಿಯ ಬಳಿ ಹೋಗದೆಯೇ ಅದು ಸ್ಟಾರ್ಟ್ ಆಗಲಿ ಎಂಬುದು ಇನ್ನೊಂದು. ರಿಮೋಟ್ ಎರಡನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಸೌದೆ ಹಸಿಯಾಗಿದ್ದರೆ ಎಷ್ಟು ಉದ್ದದ ಕಡ್ಡಿಯಿಂದ ಗೀರಿದರೂ ಒಲೆ ಹೊತ್ತಿಕೊಳ್ಳುವುದಿಲ್ಲ. ಅಡುಗೆಯವರ ಮನೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಕೀಲಿ ತಿರುಗಿಸಿದಾಗ ಏಳದ ಎಂಜಿನ್ ರಿಮೋಟ್ ಒತ್ತಿದಾಗಲೂ ಏಳುವುದಿಲ್ಲ. ಎಷ್ಟೋ ವರ್ಷದಿಂದ ಅದೇ ಗಾಡಿ ಓಡಿಸಿದವರಿಗೆ ಸೆಲ್ಫಿನ ಸದ್ದು ಕೇಳಿದರೇ ಸಾಕು, ಎಲ್ಲಿ ಬಿಡಬೇಕು ಎಂದು ತಿಳಿಯುತ್ತದೆ. ಯಂತ್ರಕ್ಕೆ ಅದು ತಿಳಿಯದು. ಅದು ತನಗೆ ಹೇಳಿಕೊಟ್ಟಷ್ಟು ಸೆಕೆಂಡು ಸೆಲ್ಫ್ ಹೊಡೆಯುತ್ತದೆ. ಎಂಜಿನ್ ಏಳದಿದ್ದರೆ ಮತ್ತೆ ಹೊಡೆಯುತ್ತದೆ. ಸೋತ ಬ್ಯಾಟರಿ ಇನ್ನಷ್ಟು ಸೋಲುತ್ತದೆ.

ಎಂಜಿನ್ ಬಿಸಿಯಾಗಲಿ ಎಂಬ ಮಾತೂ ನಮ್ಮ ಊರಿಗೆ ಹೊಂದುವುದಿಲ್ಲ. ಈ ಉಪಕರಣ ಜನಪ್ರಿಯವಾದದ್ದು ಕೆನಡಾ, ಅಮೆರಿಕದ ಉತ್ತರ ರಾಜ್ಯಗಳಂಥ ಚಳಿಯ ನಾಡುಗಳಲ್ಲಿ. ಅಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಆಯಿಲ್ ಗಟ್ಟಿಯಾಗುತ್ತದೆ, ಗಾಜಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಅಲ್ಲಿ ನೆಲೆಸಿದ ನಮ್ಮ ಕನ್ನಡಿಗರಿಗೆ ಅದು ನಿಜಕ್ಕೂ ಬೇಕಾದ ವಸ್ತು. ಮೈಸೂರಿನಲ್ಲಿ ಜನವರಿಯ ಮುಂಜಾವವೂ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಿಮ್ಮದು 2009ರ ಗಾಡಿಯಾದ್ದರಿಂದ ಕಾರ್ಬ್ಯುರೇಟರ್ ಇಲ್ಲ, ಪೆಟ್ರೋಲನ್ನು ಇಂಜೆಕ್ಟರ್ ಸಿಂಪಡಿಸುತ್ತದೆ. ಇಂಥ ಎಂಜಿನ್ ಎದ್ದ ಮೇಲೆ ಅರ್ಧ ನಿಮಿಷ ಬಿಟ್ಟು, ಮೊದಲ ಒಂದೆರಡು ಕಿಲೋಮೀಟರ್ ಜೋರು ಮಾಡದೆ ಓಡಿಸಿದರೆ ಸಾಕು. ನಿಂತಲ್ಲೇ ಹತ್ತು ನಿಮಿಷ ಓಡಿದರೆ ಪೆಟ್ರೋಲು ಸುಡುತ್ತದೆಯೇ ಹೊರತು ಎಂಜಿನ್ನಿಗೆ ಲಾಭವಿಲ್ಲ.

ಗೇರಿನಲ್ಲಿ ನಿಂತ ಗಾಡಿ

ಈಗ ನಿಮ್ಮ ಭಯದ ವಿಷಯ. ಹೊರದೇಶಗಳಲ್ಲಿ ರಿಮೋಟ್ ಸ್ಟಾರ್ಟ್ ಹಾಕುವ ಗಾಡಿಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್. ಅವುಗಳಲ್ಲಿ ಗೇರು ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇಲ್ಲದಿದ್ದರೆ ಸೆಲ್ಫಿಗೆ ಕರೆಂಟೇ ಹೋಗದಂತೆ ತಯಾರಕರೇ ಒಂದು ಸ್ವಿಚ್ ಇಟ್ಟಿರುತ್ತಾರೆ. ಓಮ್ನಿಯ ಗೇರು ಕೈಯಿಂದ ಹಾಕುವಂಥದ್ದು. ಅಂಥ ಸ್ವಿಚ್ಚು ಅದರಲ್ಲಿಲ್ಲ. ಗೇರಿನಲ್ಲಿದ್ದಾಗ ಸೆಲ್ಫ್ ಹೊಡೆದರೆ ಎಂಜಿನ್ ಏಳುವ ಮೊದಲೇ ಸೆಲ್ಫ್ ಮೋಟರೊಂದೇ ಗಾಡಿಯನ್ನು ಮುಂದಕ್ಕೋ ಹಿಂದಕ್ಕೋ ಎಳೆಯುತ್ತದೆ. ಕೆಟ್ಟು ನಿಂತ ಗಾಡಿಯನ್ನು ರೈಲು ಹಳಿಯಿಂದಾಚೆ ದಾಟಿಸಲು ಹಳೆಯ ಡ್ರೈವರುಗಳು ಮೊದಲ ಗೇರು ಹಾಕಿ ಸೆಲ್ಫ್ ಹೊಡೆಯುತ್ತಿದ್ದುದು ಇದೇ ಬಲವನ್ನು ನಂಬಿ. ನಿಮ್ಮ ಯಜಮಾನರನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುತ್ತದೆ. ಎಂಜಿನ್ ಎದ್ದುಬಿಟ್ಟರಂತೂ ಗಾಡಿ ನಿಲ್ಲದೆ ಹೊರಡಬಹುದು.

ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದು ಗೇರು ಹಾಕಿಡು ಎಂದು ಡ್ರೈವಿಂಗ್ ಕಲಿಸುವವರೆಲ್ಲ ಹೇಳುತ್ತಾರೆ. ಅದು ಸರಿಯಾದ ಅಭ್ಯಾಸ. ಹಳೆಯ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕಿನ ಕೇಬಲ್ ಸಡಿಲವಾಗಿರುತ್ತದೆ, ಅದೊಂದನ್ನೇ ನೆಚ್ಚುವಂತಿಲ್ಲ. ರಿಮೋಟ್ ಸ್ಟಾರ್ಟ್ ಬಂದರೆ ಈ ಅಭ್ಯಾಸವನ್ನು ಬಿಡಬೇಕು, ಪ್ರತಿ ರಾತ್ರಿ ನ್ಯೂಟ್ರಲ್ಲಿನಲ್ಲೇ ನಿಲ್ಲಿಸಬೇಕು. ಅಂದರೆ ನಿಮ್ಮ ಇಳಿಜಾರು ರಸ್ತೆಯಲ್ಲಿ ನಿತ್ಯದ ಸುರಕ್ಷತೆಯನ್ನು ಕಳೆದುಕೊಂಡು ಬೆಳಗಿನ ಐದು ನಿಮಿಷದ ಸೌಕರ್ಯ ಕೊಂಡಂತಾಗುತ್ತದೆ. ಎಷ್ಟೋ ವರ್ಷದ ಕೈ ಅಭ್ಯಾಸ ಒಂದು ದಿನದಲ್ಲಿ ಬದಲಾಗುವುದೂ ಇಲ್ಲ. ದಣಿದು ಬಂದ ರಾತ್ರಿ ಕೈ ತಾನಾಗಿ ಗೇರು ಹಾಕುತ್ತದೆ. ಸಹಾಯಕ ಹುಡುಗನೊಬ್ಬ ಗಾಡಿ ತಿರುಗಿಸಿ ನಿಲ್ಲಿಸಿದರೆ ಅವನು ಗೇರು ಹಾಕಿದನೋ ಇಲ್ಲವೋ ಒಳಗೆ ಕುಳಿತವರಿಗೆ ತಿಳಿಯದು.

ಮ್ಯಾನ್ಯುವಲ್ ಗೇರಿನ ಗಾಡಿಗೆಂದೇ ಮಾಡಿದ ಒಳ್ಳೆಯ ಕಿಟ್‌ಗಳು ಇವೆ, ಅದು ನಿಜ. ಅವು ಕೆಲಸ ಮಾಡುವ ಬಗೆ ಹೀಗೆ: ನಿಲ್ಲಿಸುವಾಗ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಕೀಲಿ ತೆಗೆದು ಇಳಿಯಬೇಕು. ಬಾಗಿಲು ಮುಚ್ಚಿದ ಮೇಲೆ ಕಿಟ್ ತಾನೇ ಎಂಜಿನ್ ಆರಿಸುತ್ತದೆ. ಗಾಡಿ ನ್ಯೂಟ್ರಲ್ಲಿನಲ್ಲಿದೆ ಎಂಬುದಕ್ಕೆ ಅದೇ ಅದರ ಪುರಾವೆ. ಆಮೇಲೆ ಯಾವುದೇ ಬಾಗಿಲು ಒಂದು ಸಲ ತೆರೆದರೂ, ಒಳಗೆ ಯಾರಾದರೂ ಗೇರು ಮುಟ್ಟಿರಬಹುದು ಎಂದು ಕಿಟ್ ರಿಮೋಟ್ ಸ್ಟಾರ್ಟನ್ನು ರದ್ದು ಮಾಡುತ್ತದೆ. ಇದಕ್ಕೆ ಪ್ರತಿ ಬಾಗಿಲಿಗೂ ಸರಿಯಾಗಿ ಕೆಲಸ ಮಾಡುವ ಸ್ವಿಚ್ ಬೇಕು. ಓಮ್ನಿಗೆ ಮುಂದೆ ಎರಡು ಬಾಗಿಲು, ಪಕ್ಕದಲ್ಲಿ ಎರಡು ಜಾರುಬಾಗಿಲು, ಹಿಂದೊಂದು. ನಿಮ್ಮ ಕೆಲಸವೇ ಪಾತ್ರೆ ಏರಿಸುವುದು, ಇಳಿಸುವುದು. ಹೊರಡುವ ಮೊದಲು ಹುಡುಗರು ಬಾಗಿಲು ತೆರೆದು ಸಾಮಾನು ತುಂಬಿದ ಕ್ಷಣಕ್ಕೇ ರಿಮೋಟ್ ನಿರುಪಯೋಗಿಯಾಗುತ್ತದೆ. ಒಳ್ಳೆಯ ಕಿಟ್ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಈ ತಡೆಗಳಿಲ್ಲದ ಕಿಟ್ ಕೆಲಸಕ್ಕೆ ಬಂದರೂ ಅದನ್ನು ಹಾಕಿಸಬಾರದು.

ಸಿಲಿಂಡರ್ ಇರುವ ಗಾಡಿ

ನಿಮ್ಮ ಮನೆಯಲ್ಲಿ ಇನ್ನೂ ಯಾರೂ ಎತ್ತಿರದ ಮಾತೊಂದಿದೆ. ನಿಮ್ಮ ಗಾಡಿ ಗ್ಯಾಸ್ ಸಿಲಿಂಡರ್ ಒಯ್ಯುವ ಗಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಅದು ಮೇಲೇರುವುದಿಲ್ಲ, ನೆಲಕ್ಕಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಅದೇ ನೆಲದ ಮಟ್ಟದಲ್ಲಿ. ಸೆಲ್ಫ್ ಮೋಟರಿನ ಕಾರ್ಬನ್ ಬ್ರಷ್ಷಿನಲ್ಲಿ, ರಿಲೇಯ ಒಳಗೆ ಪ್ರತಿ ಸಲವೂ ಕಿಡಿ ಹಾರುತ್ತದೆ.

ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಮೂಗಿಗೆ ತಿಳಿಯಲಿ ಎಂದೇ ಅದಕ್ಕೆ ಮರ್ಕಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಇಂದು ನಿಮ್ಮ ಯಜಮಾನರು ಬಾಗಿಲು ತೆರೆದು, ಒಳಗೆ ಕೂತು, ಆಮೇಲೆ ಕೀಲಿ ತಿರುಗಿಸುತ್ತಾರೆ. ಆ ಅರ್ಧ ನಿಮಿಷದಲ್ಲಿ ಅವರ ಮೂಗು ತನ್ನ ಕೆಲಸ ಮಾಡಿರುತ್ತದೆ. ಅಡುಗೆಮನೆಯಿಂದ ಗುಂಡಿ ಒತ್ತಿದರೆ, ಮುಚ್ಚಿದ ಗಾಡಿಯೊಳಗೆ ಯಾರೂ ಮೂಸಿ ನೋಡುವ ಮೊದಲೇ ಕಿಡಿ ಹಾರುತ್ತದೆ. ಉಳಿದ ಕಾರಣಗಳೆಲ್ಲ ಒಂದು ತೂಕವಾದರೆ, ನನ್ನ ಮಟ್ಟಿಗೆ ಇದೊಂದೇ ಕಾರಣ ಅವೆಲ್ಲಕ್ಕೂ ಸಮ. ಸಿಲಿಂಡರ್ ಒಯ್ಯುವ ಯಾವ ಗಾಡಿಗೂ ರಿಮೋಟ್ ಸ್ಟಾರ್ಟ್ ಬೇಡ.

ರಿಮೋಟ್ ಇರಲಿ ಬಿಡಲಿ, ಸಿಲಿಂಡರನ್ನು ರಾತ್ರಿ ಗಾಡಿಯಲ್ಲಿ ಬಿಡುವ ಅಭ್ಯಾಸ ಇದ್ದರೆ ಇಂದೇ ನಿಲ್ಲಿಸಿ. ಒಯ್ಯುವಾಗ ರೆಗ್ಯುಲೇಟರ್ ಬಿಚ್ಚಿ, ಸೇಫ್ಟಿ ಕ್ಯಾಪ್ ಹಾಕಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಕಿಟಕಿ ತೆರೆದಿರಲಿ. ತುಂಬಿದ ಮೇಲೆ ವಾಸನೆ ಬಂದರೆ ಕೀಲಿ ಮುಟ್ಟಬೇಡಿ, ಗಾಡಿಯ ಯಾವ ಸ್ವಿಚ್ಚನ್ನೂ ಒತ್ತಬೇಡಿ. ಬಾಗಿಲುಗಳನ್ನೆಲ್ಲ ತೆರೆದು ದೂರ ಸರಿದು 1906ಕ್ಕೆ ಕರೆ ಮಾಡಿ. ಅದು ಅಡುಗೆ ಅನಿಲ ಸೋರಿಕೆಯ ತುರ್ತು ಸಹಾಯವಾಣಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ.

ರಸ್ತೆ, ಹೊಗೆ, ವಿಮೆ

ನಿಮ್ಮ ಗಾಡಿ ನಿಲ್ಲುವುದು ಸಾರ್ವಜನಿಕ ರಸ್ತೆಯಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ ಸಾರ ಇಷ್ಟು: ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿದ ವಾಹನದ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವಾದರೆ ಎಂಜಿನ್ ಆರಿಸಿ, ಬ್ರೇಕ್ ಹಾಕಿ, ಗಾಡಿ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಂಡಿರಬೇಕು. ಸೀಟು ಖಾಲಿಯಿದ್ದು ಎಂಜಿನ್ ಓಡುತ್ತಿರುವುದು ಈ ಕಲಮಿನ ಆಶಯಕ್ಕೆ ವಿರುದ್ಧ. ಅನಾಹುತವಾದ ದಿನ ಇದು ನಿಮ್ಮ ಯಜಮಾನರ ಕೊರಳಿಗೇ ಸುತ್ತಿಕೊಳ್ಳುತ್ತದೆ. ನೀವು ರಂಗೋಲಿ ಬಿಡುವ ಹೊತ್ತಿಗೇ ಹಾಲಿನವರು, ಪೇಪರ್ ಹುಡುಗರು ಓಡಾಡುತ್ತಾರೆ. ಚಳಿಗಾಲದಲ್ಲಿ ಬೀದಿನಾಯಿಗಳು ಗಾಡಿಯ ಕೆಳಗೆ ಮಲಗಿರುತ್ತವೆ. ಕೀಲಿ ಹಿಡಿದು ಹೋಗುವವರು ಗಾಡಿಯ ಸುತ್ತ ಒಮ್ಮೆ ಕಣ್ಣಾಡಿಸುತ್ತಾರೆ. ರಿಮೋಟ್ ಒತ್ತುವವರಿಗೆ ಅದು ಸಾಧ್ಯವಿಲ್ಲ.

ಹೊಗೆಯ ಮಾತೂ ಇದೆ. ಪೆಟ್ರೋಲ್ ಎಂಜಿನ್ ಹೊರಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಈ ಅನಿಲ ಹೆಚ್ಚು ಬರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ಗಾಡಿಯ ಸೈಲೆನ್ಸರ್ ನಿಮ್ಮದೋ ಪಕ್ಕದವರದೋ ಮಲಗುವ ಕೋಣೆಯ ಕಿಟಕಿಯತ್ತ ಇದ್ದರೆ ನಿತ್ಯ ಹತ್ತು ನಿಮಿಷ ಆ ಹೊಗೆ ಒಳಗೆ ಹೋಗುತ್ತದೆ. ಶೀಟ್ ಹಾಕಿದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವ ಓದುಗರೂ ಇದನ್ನು ಗಮನಿಸಬೇಕು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೇ ಎರವಾಗಬಹುದು.

ಇನ್ನು ವೈರಿನ ವಿಷಯ. ರಿಮೋಟ್ ಕಿಟ್ ಹಾಕುವುದೆಂದರೆ ಇಗ್ನಿಷನ್ ಸ್ವಿಚ್ಚಿನ ದಪ್ಪ ವೈರುಗಳನ್ನು ಕತ್ತರಿಸಿ ಅಥವಾ ಸುಲಿದು ಹೊಸ ವೈರು ಸೇರಿಸುವುದು. ಕೀಲಿ ಮಾಡುವ ಕೆಲಸವನ್ನು ಕಿಟ್ ಆ ವೈರುಗಳ ಮೂಲಕ ಮಾಡುತ್ತದೆ. ಹದಿನೈದು ವರ್ಷ ಮೀರಿದ ಗಾಡಿಯಲ್ಲಿ ವೈರಿನ ಹೊದಿಕೆ ಬಿರುಸಾಗಿರುತ್ತದೆ. ಎರಡು ಗಂಟೆಯಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆ ಕಾಲಕ್ರಮದಲ್ಲಿ ಸಡಿಲಾಗಿ ಬಿಸಿಯಾಗುತ್ತದೆ. ಅಲ್ಲೇ ಹತ್ತಿರ ಪೆಟ್ರೋಲ್ ಪೈಪು ಇದೆ, ಸಿಲಿಂಡರೂ ಇದೆ. ಕೆಲವು ಅಗ್ಗದ ಕಿಟ್ ಹಾಕುವವರು ಕೀಲಿಯಿಲ್ಲದೆ ಗಾಡಿ ತಿರುಗಲಿ ಎಂದು ಸ್ಟೀರಿಂಗ್ ಲಾಕನ್ನೇ ತೆಗೆದುಬಿಡುತ್ತಾರೆ. ಅಲ್ಲಿಗೆ ಕಳ್ಳನಿಗೂ ದಾರಿ ಸುಗಮವಾಯಿತು. ವಿಮಾ ಪತ್ರವನ್ನೊಮ್ಮೆ ತೆಗೆದು ನೋಡಿ. ಹಳೆಯ ಗಾಡಿಗೆ ಬಹಳ ಜನ ಥರ್ಡ್ ಪಾರ್ಟಿ ವಿಮೆ ಮಾತ್ರ ಕಟ್ಟುತ್ತಾರೆ. ನಿಮ್ಮದೂ ಹಾಗಿದ್ದರೆ ಗಾಡಿ ಸುಟ್ಟುಹೋದರೂ, ಕಳುವಾದರೂ ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ಣ ವಿಮೆ ಇದ್ದರೂ ಕಂಪನಿಗೆ ತಿಳಿಸದೆ ವೈರಿಂಗ್ ಬದಲಿಸಿದ ಗಾಡಿಯ ಕ್ಲೇಮಿಗೆ ತಕರಾರು ಬರುತ್ತದೆ.

ಇನ್ನೊಂದು ಸಣ್ಣ ಲೆಕ್ಕ. ರಿಮೋಟಿನ ಕರೆಗೆ ಕಾಯುತ್ತ ಕೂರುವ ಕಿಟ್ ಹಗಲೂ ರಾತ್ರಿಯೂ ಬ್ಯಾಟರಿಯಿಂದ ಕರೆಂಟು ಎಳೆಯುತ್ತಿರುತ್ತದೆ. ಮೂವತ್ತು ಮಿಲಿ ಆಂಪಿಯರ್ ಎಂದೇ ಇಟ್ಟುಕೊಳ್ಳಿ. ಹತ್ತು ದಿನ ಗಾಡಿ ಕದಲದಿದ್ದರೆ ಏಳು ಆಂಪಿಯರ್-ಗಂಟೆಯಷ್ಟು ಖಾಲಿ. 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಐದನೇ ಒಂದು ಪಾಲು. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಶುಭಕಾರ್ಯಗಳಿಲ್ಲದೆ ನಿಮ್ಮ ಗಾಡಿ ವಾರಗಟ್ಟಲೆ ನಿಲ್ಲುವುದು ಸಹಜ. ಶ್ರಾವಣದ ಮೊದಲ ಮದುವೆಗೆ ಹೊರಡುವ ಬೆಳಿಗ್ಗೆ ಅದು ಮತ್ತೆ ಏಳುವುದಿಲ್ಲ.

ಮಾಡಬೇಕಾದದ್ದು ಏನು?

ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಅರ್ಧ ದಿನ ಗಾಡಿ ಬಿಡಿ. ಮಲ್ಟಿಮೀಟರ್ ಹಿಡಿದು ಅಳೆಯುವವನನ್ನು ಹುಡುಕಿ. ನೋಡದೆಯೇ ಬ್ಯಾಟರಿ ಬದಲಿಸು ಎನ್ನುವವನು ಬೇಡ. ಈ ಕ್ರಮದಲ್ಲಿ ನೋಡಿಸಿ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟಿನ ಆಸುಪಾಸಿನಲ್ಲಿದ್ದರೆ ಅದು ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಎದ್ದ ಮೇಲೆ 13.8ರಿಂದ 14.4ರ ನಡುವೆ ನಿಲ್ಲಬೇಕು. ಅದಕ್ಕಿಂತ ಕಡಿಮೆಯಿದ್ದರೆ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ ಎಂದರ್ಥ. ಆಗ ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆ. ನಾಲ್ಕು ವರ್ಷ ಬಾಳಿದ ಬ್ಯಾಟರಿಯಾದರೆ ಅದರ ಆಯುಸ್ಸು ಮುಗಿಯುತ್ತ ಬಂದಿದೆ ಎಂದೇ ತಿಳಿಯಿರಿ.

ಎರಡನೆಯದು ಜೋಡಣೆಗಳು. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆದು, ಒಣಗಿಸಿ, ಬಿಗಿದು, ವ್ಯಾಸಲಿನ್ ಸವರಬೇಕು. ಎಂಜಿನ್ನಿಂದ ಗಾಡಿಯ ಮೈಗೆ (ಬಾಡಿ) ಬರುವ ಅರ್ಥ್ ವೈರನ್ನು ಬಿಚ್ಚಿ, ತುಕ್ಕು ಉಜ್ಜಿ ಮತ್ತೆ ಹಾಕಬೇಕು. ಹಳೆಯ ಗಾಡಿಗಳಲ್ಲಿ ಸೆಲ್ಫ್ ನಿಧಾನವಾಗುವುದಕ್ಕೆ ಎಷ್ಟೋ ಸಲ ಈ ಒಂದು ವೈರೇ ಕಾರಣ.

ಮೂರನೆಯದು ಸೆಲ್ಫ್ ಮೋಟರ್, ಇಗ್ನಿಷನ್ ಸ್ವಿಚ್. ಕೀಲಿ ತಿರುಗಿಸಿದಾಗ ಬರೀ ಟಕ್ ಎಂದು ಸದ್ದು ಬಂದು ಸೆಲ್ಫ್ ತಿರುಗದಿದ್ದರೆ ಸೊಲೆನಾಯ್ಡ್ ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು. ಸವೆದ ಸ್ವಿಚ್ಚಿನ ಮೂಲಕ ಸೊಲೆನಾಯ್ಡಿಗೆ ಸಾಕಷ್ಟು ಕರೆಂಟ್ ಹೋಗದಿದ್ದರೆ ಫ್ಯೂಸ್ ಸಹಿತ ಒಂದು ರಿಲೇ ಹಾಕಿಸಬಹುದು. ಅದು ಸಣ್ಣ, ಸುರಕ್ಷಿತ ಕೆಲಸ. ಕೀಲಿ ತಿರುಗಿಸುವವರು ಸೀಟಿನಲ್ಲೇ ಇರುತ್ತಾರೆ.

ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಏಳದಿದ್ದರೆ ತೊಂದರೆ ಪೆಟ್ರೋಲಿನದೋ ಕಿಡಿಯದೋ. ಮೂರು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ನೋಡಿಸಿ. ಪೆಟ್ರೋಲಿನ ರಬ್ಬರ್ ಪೈಪುಗಳನ್ನು ತಪ್ಪದೆ ನೋಡಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇರುತ್ತದೆ. 2009ರ ಗಾಡಿಯ ರಬ್ಬರನ್ನು ಅದಕ್ಕಾಗಿ ಮಾಡಿದ್ದಲ್ಲ. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ವಾರಗಟ್ಟಲೆ ನಿಂತ ಗಾಡಿ ಮೊಂಡು ಹಿಡಿಯಲು ಅದೂ ಒಂದು ಕಾರಣ. ಬಿರುಕು ಬಿಟ್ಟ ಪೈಪು ಸೋರಿದರೆ ಬೆಂಕಿಗೆ ಆಹ್ವಾನ. ಹೊಸ ಪೈಪು ಹಾಕಿಸಲು ಹಿಂದೆಮುಂದೆ ನೋಡಬೇಡಿ. ಓಮ್ನಿಯ ತಯಾರಿಕೆ 2019ರಲ್ಲಿ ನಿಂತರೂ 1984ರಿಂದ ಮೂರೂವರೆ ದಶಕ ಅಷ್ಟೊಂದು ಗಾಡಿಗಳು ರಸ್ತೆಗಿಳಿದಿರುವುದರಿಂದ ಬಿಡಿಭಾಗಗಳಿಗೆ ಇನ್ನೂ ಪರದಾಡಬೇಕಾಗಿಲ್ಲ.

ಯಜಮಾನರಿಗೆ ಒಂದು ಸಣ್ಣ ಅಭ್ಯಾಸವನ್ನೂ ಹೇಳಿ. ಕೀಲಿಯನ್ನು ಆನ್‌ಗೆ ತಂದು ಎರಡು ಮೂರು ಸೆಕೆಂಡು ಕಾಯಬೇಕು. ಹಿಂದಿನಿಂದ ಪೆಟ್ರೋಲ್ ಪಂಪಿನ ಝುಂ ಸದ್ದು ಬಂದು ನಿಂತ ಮೇಲೆ ಸೆಲ್ಫ್ ಹೊಡೆಯಬೇಕು. ಒಂದೇ ಉಸಿರಿಗೆ ಐದಾರು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ಏಳದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಗಾಡಿ ನಿಂತೇ ಇರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ತಪ್ಪಲಿನವರೆಗಾದರೂ ಓಡಿಸಿಕೊಂಡು ಬರಲಿ. ನಿಂತಲ್ಲೇ ಎಂಜಿನ್ ಹಾಕಿದರೆ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ.

ಬೇರೆ ಓದುಗರಿಗೆ ಒಂದು ಮಾತು

ರಿಮೋಟ್ ಸ್ಟಾರ್ಟ್ ಕೆಟ್ಟ ವಸ್ತುವಲ್ಲ. ಈಗಿನ ಹೊಸ ಗಾಡಿಗಳಲ್ಲಿ ಕಂಪನಿಯೇ ಕೊಟ್ಟಿದ್ದರೆ, ಗಾಡಿ ನಿಮ್ಮದೇ ಕಾಂಪೌಂಡಿನ ತೆರೆದ ಜಾಗದಲ್ಲಿ ನಿಲ್ಲುವುದಾದರೆ, ಏಪ್ರಿಲಿನ ಬಿಸಿಲಿನಲ್ಲಿ ಎ.ಸಿ. ಹಾಕಿ ತಂಪು ಮಾಡಿಕೊಳ್ಳಲು ಬಳಸಿ. ಅಲ್ಲಿ ಗೇರು, ಬ್ರೇಕು, ಬಾಗಿಲು ಎಲ್ಲವನ್ನೂ ಗಾಡಿಯ ಕಂಪ್ಯೂಟರ್ ನೋಡಿಕೊಂಡೇ ಎಂಜಿನ್ ಹಾಕುತ್ತದೆ, ಕೆಲವು ನಿಮಿಷದಲ್ಲಿ ತಾನೇ ಆರಿಸುತ್ತದೆ. ಹಳೆಯ ಆಟೋಮ್ಯಾಟಿಕ್ ಗಾಡಿಗೆ ಹೊರಗಿನ ಕಿಟ್ ಹಾಕಿಸುವವರು ಎಂಜಿನ್ ಮುಚ್ಚಳದ ಸ್ವಿಚ್, ಬ್ರೇಕ್ ಪೆಡಲ್ ಒತ್ತಿದರೆ ಎಂಜಿನ್ ಆರುವ ವ್ಯವಸ್ಥೆ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇವಿಷ್ಟೂ ಇವೆಯೇ ಎಂದು ನೋಡಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಕೈ ಗೇರಿನ ಹಳೆಯ ಓಮ್ನಿ, ಈಕೋ, ಟಾಟಾ ಏಸ್‌ಗಳಿಗೆ ಬೇಡ.

ಅಪ್ಪ, ಮಗ

ಕೊನೆಯದಾಗಿ ಮನೆಯ ಮಾತು. ನಿಮ್ಮ ಮಗನಿಗೆ ‘ನಿನ್ನ ಯೋಚನೆ ತಪ್ಪು’ ಎಂದು ಮಾತು ಶುರು ಮಾಡಬೇಡಿ. ಅಪ್ಪ ನಸುಕಿನಲ್ಲಿ ಗಾಡಿಯೊಡನೆ ಸೆಣಸುವುದನ್ನು ದೂರದ ಊರಿನಲ್ಲಿದ್ದುಕೊಂಡು ಗಮನಿಸಿದ ಮಗ ಅವನು. ಅಪ್ಪನಿಗೆ ಏನಾದರೂ ಮಾಡಬೇಕು ಎಂಬ ಅವನ ಆಸೆ ನೂರಕ್ಕೆ ನೂರು ಸರಿ. ಯಜಮಾನರು ‘ಕೈ ಹಚ್ಚಬೇಡ’ ಎಂದದ್ದೂ ಸರಿಯೇ. ಆದರೆ ಕಾರಣ ಹೇಳದೆ ಅಂದ ಮಾತು ಬೈಗುಳದಂತೆ ಕೇಳಿಸಿದೆ. ಆ ಗಾಡಿ ಅವರ ಅನ್ನದ ಗಾಡಿ. ಅದರ ಸದ್ದು, ಅದರ ಹದ ಅವರಿಗೆ ಗೊತ್ತು. ತಾನು ಕಲಿತದ್ದನ್ನು ಮಗ ಪಕ್ಕಕ್ಕೆ ಸರಿಸುತ್ತಿದ್ದಾನೆ ಎಂದು ಅವರಿಗೆ ಅನಿಸಿರಬಹುದು. ತನ್ನ ಉಡುಗೊರೆಯನ್ನು ಅಪ್ಪ ತಳ್ಳಿಬಿಟ್ಟರು ಎಂದು ಮಗನಿಗೆ ಅನಿಸಿದೆ. ಇಬ್ಬರೂ ಗಾಡಿಯ ನೆಪದಲ್ಲಿ ಮುನಿಸಿಕೊಂಡಿದ್ದಾರೆ.

ಮಗ ಈ ಸಲ ಊರಿಗೆ ಬಂದಾಗ ಅಪ್ಪ ಮಗ ಇಬ್ಬರೂ ಸೇರಿ ಗಾಡಿಯನ್ನು ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಲಿ. ಮೇಲೆ ಬರೆದ ವೋಲ್ಟಿನ ಲೆಕ್ಕವನ್ನು ಮಗ ಹಿಡಿದುಕೊಳ್ಳಲಿ, ಸೆಲ್ಫಿನ ಸದ್ದು ಹೇಗೆ ಬದಲಾಗಿದೆ ಎಂಬುದನ್ನು ಅಪ್ಪ ಹೇಳಲಿ. ಸಮಸ್ಯೆ ಹುಡುಕಲು ಎರಡೂ ಬೇಕು. ಕಿಟ್ಟನ್ನು ಹಿಂದಿರುಗಿಸಿ, ಬಂದ ಹಣಕ್ಕೆ ಒಳ್ಳೆಯ ಬ್ಯಾಟರಿ, ಹೊಸ ಪೆಟ್ರೋಲ್ ಪೈಪು, ಹ್ಯಾಂಡ್ ಬ್ರೇಕಿನ ಹೊಸ ಕೇಬಲ್ ಹಾಕಿಸಲಿ. ಉಳಿದರೆ ಸರಕಿನ ಜಾಗಕ್ಕೊಂದು ಒಳ್ಳೆಯ ಎಲ್‌ಇಡಿ ದೀಪ, ಸೀಟಿನ ಹತ್ತಿರ ಕಟ್ಟಲು ಒಂದು ಅಗ್ನಿಶಾಮಕ ಡಬ್ಬಿ. ಮಂಡಿನೋವಿಗೆ ಮೂಳೆ ವೈದ್ಯರಿಗೂ ಒಮ್ಮೆ ತೋರಿಸಲಿ, ಮಗನೇ ಜೊತೆಗೆ ಹೋಗಲಿ. ರಿಮೋಟ್ ಇದ್ದರೂ ಗಾಡಿ ಹತ್ತಿ ಇಳಿಯುವುದು, ಕ್ಲಚ್ ಒತ್ತುವುದು ತಪ್ಪುವುದಿಲ್ಲ. ಮಂಡಿಗೆ ಭಾರ ಬೀಳುವುದು ಅಲ್ಲಿಯೇ.

ಎರಡು ಕೆಲಸಗಳನ್ನು ಮಾತ್ರ ಮಗ ಬರುವವರೆಗೆ ಕಾಯಿಸಬೇಡಿ. ಇಂದು ರಾತ್ರಿಯೇ ಸಿಲಿಂಡರ್‌ಗಳನ್ನು ಗಾಡಿಯಿಂದ ಇಳಿಸಿಡಿ, ಗಾಡಿಯನ್ನು ಗೇರಿನಲ್ಲೇ ನಿಲ್ಲಿಸಲು ಹೇಳಿ.